ಮಾತು ಬಿದ್ದ ಪಾತ್ರೆ

ಚೌಕದಲ್ಲಿ ಮಲಗುವ ಜನ ನನ್ನನ್ನು ಮೂಗಿ ಎಂದು ತಿಳಿದಿದ್ದರು. ಈ ಸುದ್ದಿ ಕೇಳಿದ ದಿನ ನನ್ನ ಗಂಡ ನಕ್ಕು ನಕ್ಕು, ಕುಡಿಯುತ್ತಿದ್ದ ನೀರು ನೆತ್ತಿಗೆ ಹತ್ತಿ, ಕೆಮ್ಮಿ ಸುಧಾರಿಸಿಕೊಂಡು, "ಮನೇಲೂ ಒಂದು ದಿನ ಹಾಗಿದ್ದು ತೋರಿಸೇ, ಕಣ್ತುಂಬ ನೋಡಿಬಿಡ್ತೀನಿ" ಎಂದರು. ನನ್ನ ನಾಲಿಗೆ ಎಂಥದು ಎಂದು ಬೀದಿಯ ತರಕಾರಿಯವನಿಗೂ ಗೊತ್ತು. ನಾನು ಗಾಡಿಯ ಹತ್ತಿರ ಬರುವುದು ಕಂಡರೆ ಬಾಡಿದ ಸೊಪ್ಪನ್ನು ಅವನು ತಾನಾಗಿಯೇ ಪಕ್ಕಕ್ಕೆ ಸರಿಸುತ್ತಾನೆ.

ಇಂಥ ನಾನು ಚೌಕದಲ್ಲಿ ಬಾಯಿಗೆ ಬೀಗ ಹಾಕಿಕೊಂಡು ಕೂರುತ್ತಿದ್ದದ್ದು ನಮ್ಮ ಪಂಥದ ಕಟ್ಟಳೆಯಿಂದ. ನಮ್ಮದು ಚಿಕ್ಕ ಪಂಥ. ಗೋಪುರವಿಲ್ಲ, ಗಂಟೆಯಿಲ್ಲ, ಹಾಡಿಕೊಳ್ಳಲು ಒಂದು ಪದವೂ ಇಲ್ಲ. ನಮ್ಮ ಪೂಜೆ ಎಂದರೆ ಒಂದು ದೊಡ್ಡ ಪಾತ್ರೆ. ಒಲೆ ಹೊತ್ತಿಸಿದ ಗಳಿಗೆಯಿಂದ ಬೇಯಿಸುವವಳು ಮಾತಾಡಬಾರದು. ಬೆಂದದ್ದನ್ನು ಆಕಾಶದ ಕೆಳಗೆ, ಸೂರಿಲ್ಲದವರ ನಡುವೆ ಇಳಿಸಿ, ಕೊನೆಯವನು ಉಂಡು ಕೈ ತೊಳೆಯುವ ತನಕ ಆ ಮೌನ ಮುರಿಯಬಾರದು. ನಡುವೆ ಅವಳ ಬಾಯಿಂದ ಒಂದು ಶಬ್ದ ಹೊರಟರೂ ಅದು ಮಾತು ಬಿದ್ದ ಪಾತ್ರೆ. ಅಡುಗೆಗೆ ಏನೂ ಆಗಿರುವುದಿಲ್ಲ, ಆದರೆ ಅದು ಸೇವೆಯಲ್ಲ, ಬರೀ ಊಟ. ಅದನ್ನು ವಾಪಸು ತಂದು ಮನೆಯವರೇ ತಿಂದು ಮುಗಿಸಬೇಕು. ಬೇರೆ ಕೈಯವರು ಬೇರೆ ಪಾತ್ರೆ ಬೇಯಿಸಿ ಒಯ್ಯಬೇಕು.

ಅತ್ತೆಗೆ ಮಂಡಿ ಹಿಡಿದುಕೊಂಡ ಮೇಲೆ ಸೌಟು ಹಿರಿಸೊಸೆಯಾದ ನನ್ನ ಕೈಗೆ ಬಂತು. ಬಡಿಸುವ ಕೆಲಸ ಕಿರಿಸೊಸೆಗೆ, ಎಂದರೆ ನನ್ನ ವಾರಗಿತ್ತಿಗೆ. ಬಡಿಸುವವಳಿಗೆ ಮೌನದ ಕಟ್ಟಿಲ್ಲ. ಎಷ್ಟು ಬೇಕಾದರೂ ಮಾತಾಡಬಹುದು, ನಗಬಹುದು, ಯೋಗಕ್ಷೇಮ ವಿಚಾರಿಸಬಹುದು. ಇದೆಂಥ ಪಾಲು ನೋಡಿ. ಹಿತ್ತಲ ಕೋಣೆಯ ಕಿಟಕಿಯಿಲ್ಲದ ಗೋಡೆಗೆ ಮುಖ ಮಾಡಿ ಬೇಯುವವಳು ನಾನು. ಈರುಳ್ಳಿ ಹೆಚ್ಚಿ ಕಣ್ಣು ಊದಿಸಿಕೊಳ್ಳುವವಳು ನಾನು. ಬೇಳೆ ಗಂಜಿ ತಳ ಹಿಡಿಯದಂತೆ ತೋಳು ಬಿದ್ದುಹೋಗುವ ತನಕ ತಿರುವುವವಳು ನಾನು. ಅವಳು ಮಧ್ಯಾಹ್ನ ಮುಖ ತೊಳೆದು, ತಲೆ ಬಾಚಿ, ಇಸ್ತ್ರಿ ಮಾಡಿದ ಸೀರೆ ಉಟ್ಟು ಮೈದುನನ ಮೂರು ಚಕ್ರದ ಗಾಡಿಯಲ್ಲಿ ಮುಂದೆ ಕೂರುತ್ತಾಳೆ. ನಾನು ಹಿಂದೆ, ಬಿಸಿ ಪಾತ್ರೆ ಅಲ್ಲಾಡದಂತೆ ಎರಡೂ ಕಾಲಿನಲ್ಲಿ ಅವಚಿಕೊಂಡು.

ಚೌಕ ಎಂದರೆ ರೈಲು ನಿಲ್ದಾಣದ ಎದುರಿನ ಕಲ್ಲು ಹಾಸಿನ ಬಯಲು. ಅಲ್ಲಿ ಅವಳು ಗಾಡಿಯಿಂದ ಇಳಿದರೆ ಸಾಕು, ಎಲ್ಲರ ಮುಖ ಅರಳುತ್ತದೆ. "ಬಂದೆಯಾ ಮಗಳೇ" ಎಂದು ಊದಿದ ಕಾಲಿನ ಮುದುಕಿ ಕೈ ಚಾಚುತ್ತಾಳೆ. ಬೇಸಿಗೆಯಲ್ಲೂ ಉಣ್ಣೆಯ ಕೋಟು ಬಿಚ್ಚದ ಕೋಟು ತಾತ ಒಂದು ಕಾಲು ಎಳೆದುಕೊಂಡು ಸಾಲಿನಲ್ಲಿ ಮೊದಲು ನಿಲ್ಲುತ್ತಾನೆ. ಅವಳು ಒಬ್ಬೊಬ್ಬರನ್ನೂ ಮಾತಾಡಿಸುತ್ತ, "ಇನ್ನೊಂಚೂರು ಹಾಕ್ಲಾ?" ಎಂದು ಬಾಗುತ್ತ ಬಡಿಸುತ್ತಾಳೆ. ಎಲ್ಲರೂ ಅವಳಿಗೆ ಕೈ ಮುಗಿಯುತ್ತಾರೆ. ಬೆವರು ಸುರಿಸಿಕೊಂಡು ಪಾತ್ರೆಯ ಪಕ್ಕ ಕುಕ್ಕರಗಾಲಲ್ಲಿ ಕೂತ ನನ್ನ ಕಡೆ ಯಾರೂ ತಿರುಗುವುದಿಲ್ಲ. ಒಮ್ಮೆ ಒಬ್ಬಾಕೆ ತನ್ನ ಗಂಟಿನಿಂದ ಹೊಸ ಬಾಚಣಿಗೆ ತೆಗೆದು ಅವಳಿಗೆ ಕೊಟ್ಟಳು. ಏನೂ ಇಲ್ಲದ ಹೆಂಗಸು, ಎಲ್ಲಿಂದ ತಂದಿದ್ದಳೋ. ಪ್ಲಾಸ್ಟಿಕ್ಕಿನ ಹಸಿರು ಬಾಚಣಿಗೆ. ಮನೆಯಲ್ಲಿ ನನಗೆ ಬೇಕಾದಷ್ಟು ಬಾಚಣಿಗೆಗಳಿದ್ದವು, ಆದರೂ ಆ ರಾತ್ರಿ ನನಗೆ ಊಟ ಸೇರಲಿಲ್ಲ.

ಹೊಟ್ಟೆಕಿಚ್ಚು ಎಂದು ಬೇರೆಯವರು ಹೇಳುವ ಮೊದಲು ನಾನೇ ಹೇಳುತ್ತೇನೆ. ಹೌದು, ಹೊಟ್ಟೆಕಿಚ್ಚು. ಪಾತ್ರೆಯ ಕೆಳಗೂ ಉರಿ, ನನ್ನೊಳಗೂ ಉರಿ.

ಹೀಗಿರುವಾಗ ನಗರಸಭೆ ಹೊಸ ನಿಯಮ ತಂದಿತು. ನಿಲ್ದಾಣದ ಎದುರು ಗಿರಾಕಿಗಳು ಮೂಗು ಮುಚ್ಚಿಕೊಂಡು ಓಡಾಡುತ್ತಾರೆ ಎಂದು ಅಂಗಡಿಯವರು ದೂರು ಕೊಟ್ಟಿದ್ದರಂತೆ. ಇನ್ನು ಮೇಲೆ ಬಯಲಲ್ಲಿ ಯಾರೂ ಊಟ ಹಂಚಬಾರದು. ಹಂಚುವವರು ಲಾರಿ ನಿಲ್ದಾಣದ ಆಚೆಯ ತಗಡಿನ ಶೆಡ್ಡಿನಲ್ಲಿ, ಅನುಮತಿ ಪಡೆದು, ಪೊಟ್ಟಣ ಕಟ್ಟಿ ಹಂಚಬೇಕು. ಊದಿದ ಕಾಲಿನ ಮುದುಕಿ ಅಲ್ಲಿಗೆ ಹೇಗೆ ಹೋಗಬೇಕು, ಕೋಟು ತಾತ ಹೇಗೆ ಹೋಗಬೇಕು ಎಂದು ನಿಯಮ ಬರೆದವರು ಯೋಚಿಸಿರಲಿಲ್ಲ. ಆದರೆ ಅದರಲ್ಲೇ ಒಂದು ಕಿಂಡಿ ಇತ್ತು. ಧಾರ್ಮಿಕ ಆಚರಣೆಗೆ ಈ ನಿರ್ಬಂಧವಿಲ್ಲ ಎಂದೂ ಬರೆದಿದ್ದರು.

"ನಿಮ್ಮದು ದಾನವೋ, ಪೂಜೆಯೋ?" ಎಂದು ಆರೋಗ್ಯ ಇನ್ಸ್‌ಪೆಕ್ಟರು ಚೌಕಕ್ಕೆ ಬಂದು ಕೇಳಿದರು. ಪಾಪದ ಮನುಷ್ಯ, ದಪ್ಪ ಮೀಸೆ, ಮೆತ್ತಗಿನ ದನಿ.

"ಪೂಜೆ ಸರ್" ಎಂದಳು ವಾರಗಿತ್ತಿ.

"ಪೂಜೆ ಎಲ್ಲಿ ನಡೀತಿದೆಯಮ್ಮ? ನನಗೆ ಬರೀ ಗಂಜಿ ಕಾಣ್ತಿದೆ."

ಪೂಜೆ ಅವರ ಮೊಣಕಾಲಿನ ಪಕ್ಕದಲ್ಲೇ ಬಾಯಿ ಮುಚ್ಚಿಕೊಂಡು ಕೂತಿತ್ತು. ಅವರು ನನ್ನನ್ನು ದಾಟಿಕೊಂಡು ಹೋದರು. ಮಾರನೆಯ ದಿನವೂ ನಾವು ಬಡಿಸಿದಾಗ ವಾರಗಿತ್ತಿಯನ್ನು ಪೊಲೀಸು ಠಾಣೆಗೆ ಕರೆದೊಯ್ದು, ಸಂಜೆಯ ತನಕ ಬೆಂಚಿನ ಮೇಲೆ ಕೂರಿಸಿ ಕಳಿಸಿದರು. ಅಷ್ಟೇ. ಆದರೆ ಅವಳು ವಾಪಸು ಬಂದದ್ದನ್ನು ನೀವು ನೋಡಬೇಕಿತ್ತು. ಪಂಥದವರೆಲ್ಲ ನಮ್ಮ ಜಗಲಿಯ ಮೇಲೆ ಸೇರಿದ್ದರು. ಅತ್ತೆ ಮಂಡಿನೋವು ಮರೆತು ಎದ್ದು ನಿಂತು ಅವಳ ತಲೆ ಸವರಿದರು. ಎಲ್ಲರೂ ಅವಳನ್ನು ಹೊಗಳಿ ಅಟ್ಟಕ್ಕೇರಿಸುತ್ತಿದ್ದರೆ ಚಹಾ ಮಾಡಿ ತಂದವಳು ನಾನೇ. ಅವಳ ಲೋಟಕ್ಕೆ ಸಕ್ಕರೆ ಹಾಕುವುದನ್ನು ಮರೆತೆ. ಮರೆತೆ ಎಂದೇ ಇಟ್ಟುಕೊಳ್ಳಿ.

ಠಾಣೆಯ ಸುದ್ದಿ ಹರಡಿ ಪತ್ರಿಕೆಯವರು ಬಂದರು. ಚೌಕದಲ್ಲಿ ಗಾಡಿ ನಿಲ್ಲಿಸುವುದಕ್ಕೆ ಪುರಸೊತ್ತಿಲ್ಲ, ಕ್ಯಾಮೆರಾ ಅವಳ ಮುಂದೆ. ಇನ್ಸ್‌ಪೆಕ್ಟರೂ ಪಕ್ಕದಲ್ಲಿ ನಿಂತಿದ್ದರು. ಇನ್ನೂ ಯಾರಿಗೂ ಬಡಿಸಿರಲಿಲ್ಲ. ಸಾಲು ನಿಂತಿತ್ತು, ನಾನು ಪಾತ್ರೆಯ ಪಕ್ಕ ಕೂತಿದ್ದೆ.

"ಇಷ್ಟು ಜನಕ್ಕೆ ಅಡುಗೆ ಯಾರು ಮಾಡ್ತಾರೆ ಮೇಡಂ?" ಎಂದು ಪತ್ರಿಕೆಯ ಹುಡುಗಿ ಕೇಳಿದಳು.

"ನಾವೇ ಮನೇಲಿ ಮಾಡ್ಕೊಂಡು ಬರ್ತೀವಿ" ಎಂದಳು ವಾರಗಿತ್ತಿ.

ನಾವೇ! ಈರುಳ್ಳಿಯ ಸಿಪ್ಪೆ ಮುಟ್ಟದ ಕೈ, ನಾವೇ ಅಂತೆ. ನಾನು ಹಲ್ಲು ಕಚ್ಚಿಕೊಂಡೆ.

"ಮತ್ತೆ ಇವರು?" ಹುಡುಗಿ ನನ್ನ ಕಡೆ ಪೆನ್ನು ತೋರಿಸಿದಳು.

ವಾರಗಿತ್ತಿ ಬಾಯಿ ತೆರೆಯುವ ಮೊದಲೇ ಸಾಲಿನಲ್ಲಿದ್ದ ಒಬ್ಬ, "ಅದಾ? ಅದು ಮೂಗಿ. ಪಾತ್ರೆ ಎತ್ತೋಕೆ ಇಟ್ಕೊಂಡಿದ್ದಾರೆ, ಪಾಪ" ಎಂದ.

ನಾನು ಎದ್ದದ್ದು ನನಗೇ ಗೊತ್ತಾಗಲಿಲ್ಲ. "ಯಾವನೋ ಅವನು ಮೂಗಿ ಅಂದಿದ್ದು? ಪಾತ್ರೆ ಎತ್ತೋಕಾ? ಬೇಯಿಸಿದವಳು ನಾನು ಕಣೋ! ಇವಳಿಗೆ ಒಲೆ ಹಚ್ಚೋಕೂ ಬರಲ್ಲ. ನೀವು ಇಷ್ಟು ದಿನ ತಿಂದಿದ್ದು ನನ್ನ ಕೈ ಅಡುಗೆ! ಕೈ ಮುಗಿಯೋದಾದ್ರೆ ಈ ಕಡೆ ತಿರುಗಿ ಮುಗೀರಿ!"

ಕಸದ ಡಬ್ಬಿಯ ಹತ್ತಿರ ಕೂತಿದ್ದವನೊಬ್ಬ, "ಪವಾಡ! ಮೂಗಿಗೆ ಮಾತು ಬಂತು!" ಎಂದು ಕಿರುಚಿ ನೆಲಕ್ಕೆ ಹಣೆ ಹಚ್ಚಿದ. ನಾಲ್ಕಾರು ಜನ ಅವನ ಹಿಂದೆಯೇ ಹಣೆ ಹಚ್ಚಿದರು. ಪತ್ರಿಕೆಯ ಹುಡುಗಿಗೆ ಯಾವುದನ್ನು ಬರೆದುಕೊಳ್ಳಬೇಕೋ ತಿಳಿಯಲಿಲ್ಲ.

ವಾರಗಿತ್ತಿಯ ಮುಖ ಬಿಳಿಚಿಕೊಂಡಿತ್ತು. ಅವಳು ನನ್ನನ್ನು ನೋಡಲಿಲ್ಲ. ಪಾತ್ರೆಯ ಮುಚ್ಚಳ ಎತ್ತಿ ಮೆಲ್ಲಗೆ ಮುಚ್ಚಿದಳು. "ಇವತ್ತು ಇದನ್ನ ಬಡಿಸೋ ಹಾಗಿಲ್ಲ. ಬೇರೆ ತರ್ತೀನಿ, ದಯವಿಟ್ಟು ಕಾಯಿರಿ" ಎಂದಳು. ಹಸಿದವರು ಸುಮ್ಮನಿರುತ್ತಾರೆಯೇ? ಬಾಯಿಗೆ ಬಂದಂತೆ ಬೈದರು. ಮಕ್ಕಳಿದ್ದ ಹೆಂಗಸೊಬ್ಬಳು ಪಾತ್ರೆಯ ಕಿವಿ ಹಿಡಿದು ಎಳೆದಳು. ಇನ್ಸ್‌ಪೆಕ್ಟರು ಎಲ್ಲವನ್ನೂ ನೋಡುತ್ತ ನಿಂತರು. ನಾವು ಬಿಸಿ ಗಂಜಿಯ ಪಾತ್ರೆಯನ್ನು ಹಾಗೆಯೇ ಗಾಡಿಗೆ ಏರಿಸಿಕೊಂಡು ಮನೆಗೆ ಬಂದೆವು. ದಾರಿಯುದ್ದಕ್ಕೂ ಅವಳೂ ಮಾತಾಡಲಿಲ್ಲ, ನಾನೂ ಮಾತಾಡಲಿಲ್ಲ. ಆಡಬೇಕಾದ್ದನ್ನು ಆಡಿಯಾಗಿತ್ತು.

ಎರಡನೆಯ ಪಾತ್ರೆಯನ್ನು ಅವಳೇ ಬೇಯಿಸಿದಳು. ಬೆರಳು ಸುಟ್ಟುಕೊಂಡಳು, ಅಮ್ಮಾ ಎನ್ನಲಿಲ್ಲ. ನಾನು ಬಾಗಿಲಲ್ಲಿ ನಿಂತು ನೋಡಿದೆ. ಬೇಳೆ ಅರೆಬರೆ ಬೆಂದಿತ್ತು. ಕತ್ತಲಾಗುವ ಹೊತ್ತಿಗೆ ಅದನ್ನೇ ಒಯ್ದರು, ಅತ್ತೆ ಮೈದುನನ ಭುಜ ಹಿಡಿದುಕೊಂಡು ಹೋಗಿ ಬಡಿಸಿದರು. ಅಲ್ಲಿಯ ತನಕ ಜನ ಕಾದಿದ್ದರಂತೆ. ಮೊದಲ ಪಾತ್ರೆ ನಮ್ಮ ಪಾಲಿಗೆ ಉಳಿಯಿತು. ಬೆಳಿಗ್ಗೆ ಗಂಜಿ, ಮಧ್ಯಾಹ್ನ ಗಂಜಿ, ರಾತ್ರಿ ಗಂಜಿ. ಅಕ್ಕಪಕ್ಕದವರಿಗೆ ಕೊಡುವಂತಿಲ್ಲ, ಚೆಲ್ಲುವಂತಿಲ್ಲ. ಮೂರನೆಯ ಹೊತ್ತಿಗೆ ನನ್ನ ಗಂಡ ತಟ್ಟೆಯನ್ನೇ ನೋಡುತ್ತ, "ನಿನ್ನ ಕೋಪ ಇನ್ನೂ ಎಷ್ಟು ಉಳಿದಿದೆಯೇ ತಳದಲ್ಲಿ?" ಎಂದರು.

ನಗರಸಭೆಯವರು ವಿಚಾರಣೆಗೆ ಕರೆದರು. ದಾನ ಎಂದು ತೀರ್ಮಾನವಾದರೆ ಚೌಕ ಮುಗಿಯಿತು, ಪಾತ್ರೆ ಶೆಡ್ಡಿಗೆ. ಪೂಜೆ ಎಂದಾದರೆ ಉಳಿಯಿತು. ಪಂಥದವರೇ ಆದ ಒಬ್ಬ ವಕೀಲರು ನಮ್ಮ ಪರ ನಿಂತರು. ಆಸ್ತಿ ಪಾಲಿನ ಕೇಸು ನಡೆಸುವವರು, ದೇವರ ಕೇಸು ಅವರಿಗೂ ಹೊಸದು. "ಆವತ್ತು ಮೊದಲ ಪಾತ್ರೆ ಯಾಕೆ ಬಡಿಸಲಿಲ್ಲ?" ಎಂದು ಅವರು ಮನೆಗೆ ಬಂದು ಕೇಳಿದಾಗ ಅತ್ತೆ, "ಅದು ಮನೆ ವಿಷಯ, ಬಿಡಿ" ಎಂದು ಅಲ್ಲಿಗೇ ಮುಚ್ಚಿದರು. ಸೊಸೆಯಂದಿರ ಹೊಟ್ಟೆಕಿಚ್ಚು ಕಚೇರಿಯ ಮೆಟ್ಟಿಲು ಹತ್ತುವುದು ಅವರಿಗೆ ಬೇಡವಾಗಿತ್ತು. ನನಗೂ ಬೇಡವಾಗಿತ್ತು ಎನ್ನಿ.

ವಿಚಾರಣೆ ನಡೆದದ್ದು ನಗರಸಭೆಯ ಮೇಲಿನ ಮಹಡಿಯಲ್ಲಿ. ಟಕಟಕ ಎನ್ನುವ ಫ್ಯಾನು, ಒಂದು ಕಾಲು ಗಿಡ್ಡವಾದ ಬೆಂಚು. ವಿಚಾರಣಾಧಿಕಾರಿ ಕನ್ನಡಕವನ್ನು ಹಣೆಯ ಮೇಲೆ ಏರಿಸಿಕೊಂಡು, ಅದನ್ನೇ ಮೇಜಿನ ಮೇಲೆ ಹುಡುಕುತ್ತಿದ್ದರು. ವಾರಗಿತ್ತಿ ಎದ್ದು ನಿಂತು ನಮ್ಮ ಮೌನದ ಕಟ್ಟಳೆಯನ್ನು ಬೆಣ್ಣೆಯಂಥ ಮಾತಿನಲ್ಲಿ ಬಿಡಿಸಿ ಹೇಳಿದಳು. ಬೇಯಿಸುವವಳು ನಾನೇ ಎಂದೂ ಹೇಳಿದಳು. ಕಚೇರಿಯಲ್ಲಿ ಹೇಳಿ ಏನು ಬಂತು, ಹೇಳಬೇಕಾದ ಕಡೆ ಹೇಳಲಿಲ್ಲ.

ನಗರಸಭೆಯ ವಕೀಲ ಎದ್ದ. "ಹೇಳೋಕೆ ಚೆನ್ನಾಗಿದೆ. ಈ ಮೌನ ನಿಜವಾಗಿಯೂ ಪೂಜೆ ಅನ್ನೋದಕ್ಕೆ ಏನು ಗುರುತು? ಸುಸ್ತಾದವರೂ ಸುಮ್ಮನೆ ಕೂರ್ತಾರೆ." ಜನ ನಕ್ಕರು. "ಇನ್ಸ್‌ಪೆಕ್ಟರು ಕಣ್ಣಾರೆ ನೋಡಿದ್ದಾರೆ. ಆವತ್ತು ನೀವಿಬ್ಬರೂ ಪತ್ರಿಕೆಯವರ ಮುಂದೆ ಜಗಳ ಆಡಿದ್ರಿ. ಜಗಳದ ಸಿಟ್ಟಿಗೆ ಹಸಿದವರ ಮುಂದಿನ ಪಾತ್ರೆ ಮುಚ್ಚಿಬಿಟ್ರಿ. ಇದು ದಾನವೂ ಅಲ್ಲ, ಪೂಜೆಯೂ ಅಲ್ಲ, ಹೆಸರಿನ ಹುಚ್ಚು. ಹೌದೋ ಅಲ್ವೋ?"

ವಾರಗಿತ್ತಿ ನನ್ನ ಕಡೆ ನೋಡಿದಳು. ಆ ನೋಟದಲ್ಲಿ ಕರುಣೆ ಇತ್ತು, ಅದನ್ನೇ ನನಗೆ ಸಹಿಸಲಾಗಲಿಲ್ಲ.

"ಜಗಳ ಏನೂ ಇರಲಿಲ್ಲ ಸರ್" ಎಂದಳು. "ಅಡುಗೆ ಹಳಸಿತ್ತು. ಅದಕ್ಕೇ ಮುಚ್ಚಿದೆ."

ವಕೀಲನ ಮುಖ ಊರಗಲ ಆಯಿತು. "ಕೇಳಿದ್ರಾ ಸರ್? ನಗರಸಭೆ ಹೇಳ್ತಿರೋದೂ ಅದನ್ನೇ. ಮನೇಲಿ ಬೇಯಿಸಿ ಬಯಲಿಗೆ ತಂದರೆ ಹಳಸುತ್ತೆ. ನಿಯಮ ಇರೋದು ಯಾಕೆ ಮತ್ತೆ?"

ನಮ್ಮ ವಕೀಲರು ತಲೆ ಮೇಲೆ ಕೈ ಹೊತ್ತರು. ನನಗೆ ಅವರಾಗಲಿ, ಚೌಕವಾಗಲಿ ಆ ಕ್ಷಣ ನೆನಪಿರಲಿಲ್ಲ. ಹಳಸಿತ್ತಂತೆ! ನನ್ನ ಮಾನ ಉಳಿಸಲು ಹೊರಟು ನನ್ನ ಕೈಯನ್ನೇ ಕೆಡಿಸಿದಳು. ತಾನು ಸುಳ್ಳು ಹೇಳಿಯೂ ಒಳ್ಳೆಯವಳು, ನಾನು ಹಳಸಿದ್ದು ಬೇಯಿಸುವವಳು. ಇದಕ್ಕಿಂತ ಆವತ್ತೇ ನನ್ನ ಕೆನ್ನೆಗೆ ಹೊಡೆದಿದ್ದರೆ ಚೆನ್ನಾಗಿತ್ತು.

"ಹಳಸಿರಲಿಲ್ಲ!" ಎಂದೆ. ಗಿಡ್ಡ ಕಾಲಿನ ಬೆಂಚು ಧಡ್ ಎಂದಿತು.

ಅಧಿಕಾರಿ ತಲೆ ಎತ್ತಿದರು. "ಯಾರಮ್ಮ ನೀವು?"

"ಬೇಯಿಸಿದವಳು ಸರ್. ಅಡುಗೆ ಚಿನ್ನದಂಗಿತ್ತು. ಮೂರು ಹೊತ್ತು ನಮ್ಮನೆಯವರೆಲ್ಲ ಅದನ್ನೇ ತಿಂದಿದ್ದಾರೆ, ಒಬ್ಬರಿಗೂ ಹೊಟ್ಟೆ ಕೆಡಲಿಲ್ಲ, ಬೇಕಾದ್ರೆ ಕೇಳಿ."

"ನಿಜ ಸರ್" ಎಂದರು ಹಿಂದಿನ ಸಾಲಿನಿಂದ ನನ್ನ ಗಂಡ. "ಹೊಟ್ಟೆ ಕೆಡಲಿಲ್ಲ. ಬಾಯಿ ಕೆಟ್ಟೋಯ್ತು."

"ಮತ್ತೆ ಚೆನ್ನಾಗಿರೋ ಅಡುಗೆ ಯಾಕಮ್ಮ ಬಡಿಸಲಿಲ್ಲ?"

ಅತ್ತೆ ನನ್ನ ಸೆರಗು ಹಿಡಿದು ಎಳೆದರು. ನಾನು ಬಿಡಿಸಿಕೊಂಡೆ. "ನಾನು ಮಾತಾಡಿಬಿಟ್ಟೆ ಸರ್. ಬೇಯಿಸಿದವಳು ನಡುವೆ ಮಾತಾಡಿದರೆ ಅದು ಸೇವೆ ಅಲ್ಲ. ಬಡಿಸೋ ಹಾಗಿಲ್ಲ."

"ಏನು ಮಾತಾಡಿದ್ರಿ?"

ಇಡೀ ಕೋಣೆ ನನ್ನ ಬಾಯಿಯನ್ನೇ ನೋಡುತ್ತಿತ್ತು. ಇಷ್ಟು ವರ್ಷ ಕಾದಿದ್ದೆನಲ್ಲ, ಜನ ನನ್ನ ಕಡೆ ತಿರುಗಲಿ ಎಂದು. ತಿರುಗಿದರು. ನಾನು ಹೇಳಿದೆ, ಒಂದಕ್ಷರ ಬಿಡದೆ. ಇವಳಿಗೆ ಒಲೆ ಹಚ್ಚಲು ಬರುವುದಿಲ್ಲ ಎಂದದ್ದನ್ನೂ, ಕೈ ಮುಗಿಯುವುದಾದರೆ ಈ ಕಡೆ ತಿರುಗಿ ಮುಗಿಯಿರಿ ಎಂದದ್ದನ್ನೂ. ಯಾರೋ ಕಿಸಕ್ಕೆಂದರು. ಕಿವಿ ಸುಟ್ಟುಹೋಗುತ್ತಿತ್ತು.

"ಇಂಥ ಮಾತು ಯಾಕೆ ಬಂತಮ್ಮ?"

"ಹೊಟ್ಟೆಕಿಚ್ಚು ಸರ್" ಎಂದೆ. "ಅವಳ ಮೇಲೆ."

ಅಧಿಕಾರಿ ಇನ್ಸ್‌ಪೆಕ್ಟರ ಕಡೆ ತಿರುಗಿ, ಪಾತ್ರೆ ವಾಪಸು ಹೋದದ್ದು ನಿಜವೇ, ಬೇರೆ ಬಂದದ್ದು ನಿಜವೇ ಎಂದು ಕೇಳಿದರು. ನಿಜ, ಜನ ಬೈದರೂ ಇವರು ಮುಚ್ಚಳ ತೆಗೆಯಲಿಲ್ಲ, ಕತ್ತಲಾಗುವ ಹೊತ್ತಿಗೆ ಬೇರೆಯೇ ಅಡುಗೆ ತಂದರು ಎಂದರು ಇನ್ಸ್‌ಪೆಕ್ಟರು. ಅಧಿಕಾರಿ ಕೊನೆಗೂ ಹಣೆಯ ಮೇಲಿನ ಕನ್ನಡಕ ಕಂಡುಕೊಂಡು ಮೂಗಿನ ಮೇಲೆ ಇಳಿಸಿದರು. "ದಾನ ಮಾಡೋರಾಗಿದ್ರೆ ಬಡಿಸಿಬಿಡ್ತಿದ್ರು, ವಕೀಲರೇ. ಒಂದು ಮಾತು ಬಿತ್ತು ಅಂತ ಇಷ್ಟು ಜನರ ಬೈಗುಳ ತಿಂದು ಪಾತ್ರೆ ಹೊತ್ಕೊಂಡು ಹೋಗಿದ್ದಾರೆ. ಇದು ಪೂಜೆ ಅಲ್ಲ ಅಂದ್ರೆ ಮತ್ತೇನು ಅನ್ನಬೇಕು?"

ಚೌಕ ಉಳಿಯಿತು. ಓಡಾಡುವ ದಾರಿ ಬಿಡಬೇಕು, ಉಂಡ ಜಾಗ ತೊಳೆಯಬೇಕು, ಅಷ್ಟೇ ಷರತ್ತು. ಮೆಟ್ಟಿಲಿಳಿಯುವಾಗ ಪಂಥದವರು ಸುತ್ತುವರಿದದ್ದು ವಾರಗಿತ್ತಿಯನ್ನು. "ವಾರಗಿತ್ತಿಯ ಮಾನ ಕಾಪಾಡೋಕೆ ಸುಳ್ಳು ಹೇಳಿದಳಲ್ಲ, ಎಂಥ ಮನಸ್ಸು!" ಎಂದು ಒಬ್ಬಾಕೆ ಕಣ್ಣೊರೆಸಿಕೊಂಡಳು. ಕೇಸು ಗೆಲ್ಲಿಸಿದ ನಾನು ಹಿಂದೆ ಅತ್ತೆಯ ತೋಳು ಹಿಡಿದು ಒಂದೊಂದೇ ಮೆಟ್ಟಿಲು ಇಳಿಸುತ್ತಿದ್ದೆ.

ಆ ಸಂಜೆ ಅತ್ತೆ ಇಬ್ಬರನ್ನೂ ಎದುರಿಗೆ ಕೂರಿಸಿಕೊಂಡರು. ನನ್ನ ಕೈಯಿಂದ ಸೌಟು ತೆಗೆದು ಅವಳ ಕೈಗೆ ಕೊಟ್ಟರು. "ಇನ್ನು ಇವಳು ಬೇಯಿಸಲಿ. ನೀನು ಮುಂದೆ ನಿಂತು ಬಡಿಸು. ಮಾತಾಡು, ಹೊಟ್ಟೆ ತುಂಬ ಮಾತಾಡು ತಾಯಿ."

ಬೇಡವೆಂದು ಹೇಗೆ ಹೇಳಲಿ? ಬೇಕೆಂದು ಕಚೇರಿಯಲ್ಲೇ ಕೂಗಿ ಬಂದಿದ್ದೆ. ಮೊದಲ ದಿನ ಮುಖ ತೊಳೆದೆ, ತಲೆ ಬಾಚಿದೆ, ಗಂಡನ ಕೈಲಿ ಸೀರೆಗೆ ಇಸ್ತ್ರಿ ಹಾಕಿಸಿದೆ. ಗಾಡಿಯಲ್ಲಿ ಮುಂದೆ ಕೂತೆ. ಅವಳು ಹಿಂದೆ, ಕೆದರಿದ ಕೂದಲು, ಕೆನ್ನೆಗೆ ಮಸಿ, ಪಾತ್ರೆ ಅವಚಿಕೊಂಡು. ಎಷ್ಟು ಹಿತವಾಗಿತ್ತು ಎಂದರೆ ದಾರಿಯಲ್ಲಿ ಹಾಡು ಬಾಯಿಗೆ ಬಂತು.

ಚೌಕದಲ್ಲಿ ಜನ ನನ್ನನ್ನು ಪವಾಡದ ತಾಯಿ ಎಂದು ಕರೆದರು. ನಾನೂ ಬಾಗಿ ಬಾಗಿ ಬಡಿಸಿದೆ, "ಇನ್ನೊಂಚೂರು ಹಾಕ್ಲಾ?" ಎಂದೆ. ಅವರೂ ಕೈ ಮುಗಿದರು. ಮೊದಲು ಬಡಿಸಿಕೊಂಡು ಹೋಗಿ ಉಂಡಿದ್ದ ಕೋಟು ತಾತ ಕಾಲೆಳೆಯುತ್ತ ಮತ್ತೆ ಬಂದ. ಬಟ್ಟಲು ಚಾಚಲಿಲ್ಲ. ನನ್ನ ಕಿವಿಯ ಹತ್ತಿರ ಬಗ್ಗಿದ.

"ಹಿಂದೆ ಕೂತಿದ್ದಾಳಲ್ಲ, ಬೇಯಿಸಿದವಳು, ಅವಳಿಗೆ ಹೇಳು ತಾಯಿ. ನನಗೆ ಅಂತ ನಾನು ದೇವರ ಹತ್ರ ಏನೂ ಕೇಳಲ್ಲ. ಅವಳ ಕೈ ತಂಪಾಗಿರಲಿ ಅಂತ ಮಾತ್ರ ಕೇಳ್ಕೋತೀನಿ."

"ಇವತ್ತೇ ಹೊಸದಾಗಿ ಹೇಳ್ತಿದ್ದೀಯಾ ತಾತ?"

"ಇಲ್ಲಮ್ಮ, ದಿನಾ ಹೇಳ್ತೀನಿ. ಮುಂಚೆ ಆ ಹುಡುಗಿಗೆ ಹೇಳ್ತಿದ್ದೆ, ಬೇಯಿಸಿದವಳಿಗೆ ತಲುಪಿಸು ಅಂತ. ನಾನೊಬ್ಬನೇ ಅಲ್ಲ, ಎಲ್ಲರೂ ಹೇಳ್ತಿದ್ರು. ಅದು ನೀನೇ ಅಂತ ಆಗ ಗೊತ್ತಿರಲಿಲ್ಲ, ನಿನ್ನನ್ನ ಮೂಗಿ ಅಂದ್ಕೊಂಡಿದ್ವಿ. ಹೇಳಿರಬೇಕಲ್ಲ ಅವಳು?"

ದಿನಾ. ಎಲ್ಲರೂ. ಒಂದು ದಿನವೂ ಅವಳು ನನಗೆ ಹೇಳಿರಲಿಲ್ಲ. ಅಷ್ಟು ಜನ ನನಗೆಂದು ಕಳಿಸಿದ್ದನ್ನು ಒಂದೊಂದಾಗಿ ತಾನೇ ನುಂಗಿಕೊಂಡು ಕೂತಿದ್ದಳು. ಹಾಗಾದರೆ ಅವಳಿಗೂ ನನ್ನ ಮೇಲೆ ಹೊಟ್ಟೆಕಿಚ್ಚಿತ್ತು! ಕೋಪ ಬರಬೇಕಿತ್ತು. ಸುಳ್ಳೇಕೆ ಹೇಳಲಿ, ಮೊದಲು ಬಂದದ್ದು ಸಂತೋಷ. ಆಮೇಲೆ ಆ ಸಂತೋಷ ಎದೆಯಲ್ಲೇ ಕಹಿಯಾಗತೊಡಗಿತು, ಏಕೆಂದರೆ ತಾತನ ಇವತ್ತಿನ ಮಾತು ನನಗಲ್ಲ, ಅವಳಿಗೆ.

"ಹೇಳ್ತಿದ್ದಳು ತಾತ" ಎಂದೆ.

ತಾತ ಹೋದ. ನಾನು ಗಂಜಿ ತೋಡಿಕೊಳ್ಳಲು ಪಾತ್ರೆಯ ಕಡೆ ತಿರುಗಿದೆ. ವಾರಗಿತ್ತಿ ಇವತ್ತೂ ಸುಟ್ಟುಕೊಂಡ ಬೆರಳನ್ನು ಮುಷ್ಟಿಯಲ್ಲಿ ಮುಚ್ಚಿಕೊಂಡು ನನ್ನನ್ನೇ ನೋಡುತ್ತಿದ್ದಳು. ತಾತ ನನ್ನ ಕಿವಿಗೆ ಬಗ್ಗಿದ್ದನ್ನು ಕಂಡಿದ್ದಳು. ಬಾಯಿ ಬಿಡುವಂತಿಲ್ಲ, ಹುಬ್ಬೆತ್ತಿ ಕೇಳಿದಳು, ಏನಂತೆ?

"ಉಪ್ಪು ಕಮ್ಮಿಯಂತೆ" ಎಂದೆ.